ವಿಗ್ಮೋರ್ ಅವರ ಪರಿಚಯ ನಾನೇ ಮಾಡಿಕೊಡುತ್ತೇನೆ

ಒಬ್ಬರ ಮುಖವನ್ನು ಒಂದು ಸಲ ನೋಡಿದರೆ ಸಾಕು, ಈ ಜನ್ಮದಲ್ಲಿ ಮರೆಯುವವನಲ್ಲ ನಾನು. ಈ ಮಾತನ್ನು ಎದೆಯುಬ್ಬಿಸಿ ಹೇಳುತ್ತಿದ್ದ ಕಾಲ ಒಂದಿತ್ತು. ಮೈಸೂರಿನಲ್ಲಿ ನನ್ನ ಜೊತೆ ಮಿಡ್ಲ್ ಸ್ಕೂಲು ಓದಿದ ಗೆಳೆಯನನ್ನು ನ್ಯೂಜೆರ್ಸಿಯ ಇಂಡಿಯನ್ ಸ್ಟೋರಿನಲ್ಲಿ, ಅವನು ಬೆಂಡೆಕಾಯಿ ಆರಿಸುತ್ತಿದ್ದಾಗ, ಬೆನ್ನ ಕಡೆಯಿಂದಲೇ ಗುರುತು ಹಿಡಿದು "ಲೋ!" ಎಂದು ಗುದ್ದಿದವನು ನಾನು. ಅವರು ಸೂರತ್ತಿನ ಒಬ್ಬ ಹಲ್ಲಿನ ಡಾಕ್ಟರಾಗಿದ್ದರು ಎಂಬುದು ಬೇರೆ ಮಾತು. ಸಜ್ಜನರು, ಏನೂ ಅಂದುಕೊಳ್ಳಲಿಲ್ಲ.

ಇಂಥ ನನ್ನ ಕೈಗೆ ಒಬ್ಬ ಇಂಗ್ಲಿಷ್ ನಟರ ಮಾನ ಬಂದು ಬಿತ್ತು!

ನಾವಿರುವುದು ಪ್ಲೇನ್ಸ್‌ಬರೋದ ಒಂದು ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನಲ್ಲಿ. ಬೆಳಿಗ್ಗೆ ಇಲ್ಲಿ ಯಾವ ಬಿಲ್ಡಿಂಗಿನ ಮುಂದೆ ನಡೆದರೂ ಒಗ್ಗರಣೆಯ ವಾಸನೆ ಬರುತ್ತದೆ. ನಮ್ಮ ಪಕ್ಕದ ಬಿಲ್ಡಿಂಗಿನ ಕೆಳಮನೆಯಿಂದ ಮಾತ್ರ ಸುಟ್ಟ ಬ್ರೆಡ್ಡಿನ ವಾಸನೆ. ಅದು ಡೆಸ್ಮಂಡ್ ವಿಗ್ಮೋರ್ ಅವರ ಮನೆ. ಎಂಬತ್ತು ದಾಟಿದ ವಯಸ್ಸು, ಉದ್ದ ಮೂಗು, ಬಿಳಿ ಮೀಸೆ, ಕಸ ಹಾಕಲು ಹೋಗುವಾಗಲೂ ಕುತ್ತಿಗೆಗೆ ಟೈ. ಹೆಂಡತಿ ಇಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರಂತೆ, ತೀರಿಕೊಂಡಿದ್ದಾರೆ. ಒಬ್ಬಳೇ ಮಗಳು ಕ್ಲೇರ್ ಫೋರ್ಟ್ ಲೀಯಲ್ಲಿದ್ದು ದಿನಾ ಮ್ಯಾನ್‌ಹ್ಯಾಟನ್ನಿಗೆ ಕಮ್ಯೂಟ್ ಮಾಡುತ್ತಾಳೆ.

ಅವರ ಪರಿಚಯವಾದದ್ದು ಟಪಾಲು ಪೆಟ್ಟಿಗೆಗಳ ಹತ್ತಿರ. ಅವರಾಡಿದ ಇಂಗ್ಲಿಷನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ. ಲೋಕದ ಯಾವ ಉಚ್ಚಾರವನ್ನಾದರೂ ಕನ್ನಡ ಲಿಪಿಯಲ್ಲಿ ಬರೆಯಬಹುದು ಎಂದು ಭಾಷಣ ಮಾಡಿದವನೇ ನಾನು. ವಿಗ್ಮೋರ್ ಅವರು ಬಾಯಿ ತೆರೆದ ಮೇಲೆ ಆ ವಿಷಯದಲ್ಲಿ ಸ್ವಲ್ಪ ಮೆತ್ತಗಾಗಿದ್ದೇನೆ.

"ನಾನು ನಟನಾಗಿದ್ದೆ. ನೀವು ನನ್ನನ್ನು ನೋಡಿರುವ ಸಂಭವವಿಲ್ಲ ಬಿಡಿ," ಎಂದರು.

ಹೌದು ಸಾರ್, ನೋಡಿಲ್ಲ ಎಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಹಾಗೆ ಹೇಳುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಮದುವೆಮನೆಯಲ್ಲಿ ಯಾರಾದರೂ ಬಂದು "ನನ್ನ ಗುರುತು ಸಿಗಲಿಲ್ಲ ಅನ್ಸುತ್ತೆ" ಎಂದರೆ, "ಅಯ್ಯೋ, ಸಿಗದೇ ಏನು! ಮನೇಲೆಲ್ಲ ಆರೋಗ್ಯಾನಾ?" ಎಂದು ಕೈಹಿಡಿದು ಕುಲುಕಿ, ಅವರು ಅತ್ತ ಹೋದ ಮೇಲೆ "ಯಾರೇ ಅದು?" ಎಂದು ಹೆಂಡತಿಯನ್ನು ಕೇಳುವುದು ನಮ್ಮ ಸಂಸ್ಕೃತಿ. ಅದೇ ಸಂಸ್ಕೃತಿ ಟಪಾಲು ಪೆಟ್ಟಿಗೆಯ ಮುಂದೆಯೂ ಉಕ್ಕಿ ಬಂತು.

"ಏನ್ ಸಾರ್, ಹೀಗಂತೀರಿ! ನೋಡದೇ ಇರ್ತೀವಾ? ನಾನು ನಿಮ್ಮ ದೊಡ್ಡ ಫ್ಯಾನ್!" ಎಂದುಬಿಟ್ಟೆ.

ಅವರ ಕೈಯಲ್ಲಿದ್ದ ಕಾಗದಗಳು ಕೆಳಗೆ ಬಿದ್ದವು. "ನಿಜವಾಗಿಯೂ? ಯಾವುದರಲ್ಲಿ ನೋಡಿದಿರಿ?"

"ಎಲ್ಲದರಲ್ಲೂ!"

ಆ ಮುದುಕರ ಮುಖದಲ್ಲಿ ಮೂಡಿದ ಸಂತೋಷವನ್ನು ನಾನು ಈಗಲೂ ಮರೆತಿಲ್ಲ. ಅದನ್ನು ನೋಡಿದ ಮೇಲೆ ಮಾತು ವಾಪಸ್ ತೆಗೆದುಕೊಳ್ಳಲು ಬಾಯಿ ಬರಲಿಲ್ಲ.

ಅಲ್ಲಿಂದ ಸ್ನೇಹ ಬೆಳೆಯಿತು. ಶನಿವಾರ ಮಧ್ಯಾಹ್ನ ಅವರ ಮನೆಯಲ್ಲಿ ಟೀ, ಇಲ್ಲವೆ ನಮ್ಮ ಮನೆಯಲ್ಲಿ ಕಾಫಿ. ಇಂಗ್ಲೆಂಡಿನ ಕಡಲತೀರದ ಯಾವುದೋ ಪುಟ್ಟ ಊರು, ಅಪ್ಪನಿಗೆ ಮೀನಿನ ಅಂಗಡಿ. ಮಗ ಮೀನು ಕೊಯ್ಯುವುದು ಬಿಟ್ಟು ನಾಟಕದ ಕಂಪನಿ ಸೇರಿದ. ವಾರಕ್ಕೊಂದು ನಾಟಕ, ಮುಂದಿನ ವಾರ ಇನ್ನೊಂದು ಊರು. ಆಮೇಲೆ ಸಿನಿಮಾ, ಆಮೇಲೆ ನ್ಯೂಯಾರ್ಕಿನ ರಂಗಭೂಮಿ, ಆಮೇಲೆ ಟೀವಿ. ಅಮೆರಿಕದವರಿಗೆ ಕೆಟ್ಟ ಸುದ್ದಿಯನ್ನು ಮರ್ಯಾದೆಯಿಂದ ಹೇಳುವವನು ಬೇಕಾದಾಗಲೆಲ್ಲ ಒಬ್ಬ ಇಂಗ್ಲಿಷಿನವನನ್ನು ಕರೆಯುತ್ತಿದ್ದರಂತೆ.

"ಡಾಕ್ಟರ್ ಆಗಿ ಎಷ್ಟು ಜನರನ್ನು ಸತ್ತರೆಂದು ಘೋಷಿಸಿದ್ದೇನೋ ಲೆಕ್ಕವಿಲ್ಲ. ವಯಸ್ಸಾದ ಮೇಲೆ ಬಡ್ತಿ ಸಿಕ್ಕಿತು. ನಾನೇ ಸಾಯತೊಡಗಿದೆ," ಎನ್ನುತ್ತಿದ್ದರು.

ನಾನು ಎಲ್ಲ ಗೊತ್ತಿದ್ದವನ ಹಾಗೆ ತಲೆಯಾಡಿಸುತ್ತಿದ್ದೆ. "ಆ ಸಾವಂತೂ ಅದ್ಭುತ ಸಾರ್!" ಎನ್ನುತ್ತಿದ್ದೆ. ಯಾವ ಸಾವು ಎಂದು ಅವರು ಕೇಳುವ ಮೊದಲೇ ಕಾಫಿ ತರಲು ಏಳುತ್ತಿದ್ದೆ. ಅವರ ಗೋಡೆಯ ಮೇಲೆ ಹೆಂಡತಿಯ ಫೋಟೋ ಬಿಟ್ಟರೆ ಬೇರೇನೂ ಇಲ್ಲ. ಒಂದು ಪಾತ್ರದ ಫೋಟೋವಾದರೂ ತೂಗುಹಾಕಿದ್ದರೆ ನಾನು ಬಚಾವಾಗುತ್ತಿದ್ದೆ.

ಹೀಗೇ ಹೋಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಕನ್ನಡ ಕೂಟದ ರಾಜ್ಯೋತ್ಸವ ಬಂತು. ನಾನು ಕೂಟದ ಸಾಂಸ್ಕೃತಿಕ ಕಾರ್ಯದರ್ಶಿ. ಅಧ್ಯಕ್ಷರು ಹುಬ್ಬಳ್ಳಿ ಕಡೆಯ ಪಾಟೀಲರು. ಪಿಸ್ಕಾಟವೇಯಲ್ಲಿ ಟೆಲಿಕಾಂ ಕಂಪನಿಯ ಡೈರೆಕ್ಟರಾದರೂ ಸಿಟ್ಟು ಬಂದಾಗ, ಖುಷಿಯಾದಾಗ, ಭಯವಾದಾಗ ಹುಬ್ಬಳ್ಳಿಗೇ ಹೋಗಿಬಿಡುತ್ತಾರೆ. ಅಕ್ಟೋಬರಿನ ಒಂದು ದಿನ ಫೋನಿನಲ್ಲಿ ಹಾಗೇ ಹುಬ್ಬಳ್ಳಿಯಿಂದ ಮಾತಾಡಿದರು.

"ನಾಗೇಂದ್ರ, ಮನಿ ಹಾಳಾತ್ರಿ! ಆ ಬೆಂಗಳೂರು ಹೀರೋ ಬರಂಗಿಲ್ಲಂತ. ವೀಸಾ ಸಿಗಲಿಲ್ಲಂತ. ಹಾಲ್ ಬುಕ್ ಆಗೈತಿ, ಶಾಲು ಬಂದೈತಿ, ಮೈಸೂರು ಪೇಟಾ ಬಂದೈತಿ. ಇಡಾಕ ತಲಿನ ಇಲ್ಲ!"

"ತಲೆ ನಾನು ಕೊಡ್ತೀನಿ, ಪಾಟೀಲ್ರೆ," ಎಂದೆ. "ಅಂತಾರಾಷ್ಟ್ರೀಯ ಖ್ಯಾತಿಯ ಇಂಗ್ಲಿಷ್ ನಟರು. ನಮ್ಮ ಮನೆಗೆ ಕಾಫಿಗೆ ಬರ್ತಾರೆ."

"ಖರೇನೇನ್ರಿ? ಏನೇನ್ ಮಾಡ್ಯಾರ?"

"ಏನ್ ಮಾಡಿಲ್ಲ ಅಂತ ಕೇಳಿ! ಪರಿಚಯ ಭಾಷಣ, ಎ.ವಿ. ಎರಡೂ ನನಗೆ ಬಿಡಿ."

ಎ.ವಿ. ಎಂದರೆ ಗಣ್ಯರ ಜೀವನ ಸಾಧನೆಯನ್ನು ವೀಣೆಯ ಹಿನ್ನೆಲೆ ಸಂಗೀತದೊಡನೆ ಪರದೆಯ ಮೇಲೆ ತೋರಿಸುವ ವಿಡಿಯೋ. ಅದಿಲ್ಲದೆ ನಮ್ಮ ಕೂಟದಲ್ಲಿ ಯಾರನ್ನೂ ಗಣ್ಯರೆಂದು ಒಪ್ಪುವುದಿಲ್ಲ.

ವಿಗ್ಮೋರ್ ಅವರನ್ನು ಆಹ್ವಾನಿಸಿದೆ. ಅವರು ಕಪ್ಪನ್ನೂ ಸಾಸರನ್ನೂ ಮೇಜಿನ ಮೇಲಿಟ್ಟು ಟೈ ಸರಿಮಾಡಿಕೊಂಡರು.

"ಕ್ಲೇರಳನ್ನೂ ಕರೆಯಲೇ?" ಎಂದರು. "ಅವಳು ನನ್ನ ಕೆಲಸವನ್ನು ನೋಡೇ ಇಲ್ಲ. ಚಿಕ್ಕವಳಿದ್ದಾಗ ನಾನು ಮನೆಯಲ್ಲಿರುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಅವಳಿಗೆ ಪುರುಸೊತ್ತಿರಲಿಲ್ಲ. ಅಪ್ಪ ಜೀವನವೆಲ್ಲ ಏನು ಮಾಡಿದ ಎಂದು ಅವಳಿಗೆ ಸರಿಯಾಗಿ ಗೊತ್ತಿಲ್ಲ. ನನ್ನದೆಲ್ಲವನ್ನೂ ನೋಡಿದ ಒಬ್ಬ ಮನುಷ್ಯ ನನ್ನ ಬಗ್ಗೆ ಮಾತಾಡುವುದನ್ನು ಅವಳು ಒಂದು ಸಲ ಕೇಳಬೇಕು."

ನಾನು ಅದ್ದಿದ ಬಿಸ್ಕತ್ತು ಕಪ್ಪಿನಲ್ಲೇ ಮುಳುಗಿತು. ಎಲ್ಲವನ್ನೂ ನೋಡಿದ ಆ ಒಬ್ಬ ಮನುಷ್ಯ ನಾನು!

ಮನೆಗೆ ಬಂದು ಸುಧಾಳಿಗೆ, ಅಂದರೆ ನನ್ನ ಹೆಂಡತಿಗೆ, ವಿಷಯ ಹೇಳಿದೆ.

"ಈಗ್ಲೇ ಹೋಗಿ, 'ಸಾರ್, ನಾನು ಏನೂ ನೋಡಿಲ್ಲ, ನೀವೇ ತೋರಿಸಿ' ಅಂತ ಕೇಳಿ. ಅಷ್ಟೇ ತಾನೆ?" ಎಂದಳು.

"ಒಂದು ವರ್ಷದಿಂದ ಹೊಗಳಿದ ಮೇಲೆ?"

"ಹಾಗಾದ್ರೆ ಅನುಭವಿಸಿ."

ಅನುಭವಿಸತೊಡಗಿದೆ. ಊಟ ಸೇರುತ್ತಿರಲಿಲ್ಲ. ಆಫೀಸಿನ ಮೀಟಿಂಗುಗಳಲ್ಲಿ ಮ್ಯಾನೇಜರ್ "ಇಂಟ್ರಡಕ್ಷನ್ಸ್" ಎಂದರೆ ಎದೆ ಢವಗುಟ್ಟುತ್ತಿತ್ತು. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಅವರು ನಟಿಸಿದ ಚಿತ್ರಗಳ ಹೆಸರುಗಳೇನೋ ಸಿಕ್ಕವು, ಫೋಟೋ ಇರಲಿಲ್ಲ. ಪಾತ್ರಗಳ ಹೆಸರು ನೋಡಿ ಇನ್ನಷ್ಟು ಬೆವರಿದೆ. ಬಟ್ಲರ್. ಎರಡನೆಯ ವಕೀಲ. ಸ್ಟೇಷನ್ ಮಾಸ್ಟರ್. ಶವ.

ಇದನ್ನು ಓದಿ ಹೇಳಿದರೆ ಪಾಟೀಲರು ನನ್ನನ್ನೇ ಕೊನೆಯ ಪಾತ್ರಕ್ಕೆ ಆರಿಸುತ್ತಿದ್ದರು. ಸರಿ, ಚಿತ್ರಗಳನ್ನೇ ಹುಡುಕಿ ನೋಡುವುದೆಂದು ಒಂದು ಶನಿವಾರ ಕೂತೆ. ಮೊದಲನೆಯ ಚಿತ್ರ ಶುರುವಾಯಿತು. ದೊಡ್ಡ ಬಂಗಲೆ, ಉರಿಯುವ ಅಗ್ಗಿಷ್ಟಿಕೆ, ಅದರ ಮುಂದೆ ಉದ್ದ ಮೂಗಿನ, ಕಪ್ಪು ಮೀಸೆಯ ಒಬ್ಬ ಲಾರ್ಡ್. ನಾನು ಕುರ್ಚಿಯಿಂದ ಎದ್ದು ನಿಂತೆ. ಆ ಮೀಸೆಗೆ ಬಿಳಿ ಬಳಿದರೆ ನಮ್ಮ ವಿಗ್ಮೋರ್! ಅದೇ ಹಣೆ, ಅದೇ ನಿಲುವು!

"ಸುಧಾ, ಬಾ ಇಲ್ಲಿ! ಸಿಕ್ಕಿದ್ರು!"

ಎರಡನೆಯ ಚಿತ್ರ ಹಾಕಿದೆ. ಅದರಲ್ಲಿ ಅದೇ ಮುಖ ನ್ಯಾಯಾಧೀಶನ ಕುರ್ಚಿಯಲ್ಲಿತ್ತು. ಮೂರನೆಯದರಲ್ಲಿ ಸೈನ್ಯದ ಜನರಲ್ ಆಗಿ ಕುದುರೆಯ ಮೇಲಿತ್ತು. ಅಂಥ ಭಾರಿ ಪಾತ್ರಗಳನ್ನು ಇಂಟರ್ನೆಟ್ಟಿನ ಪುಣ್ಯಾತ್ಮರು ಬಟ್ಲರ್, ವಕೀಲ ಎಂದು ಬರೆದಿದ್ದಾರಲ್ಲ! ಮಾಹಿತಿ ಹಾಕುವವರಿಗೆ ಜವಾಬ್ದಾರಿ ಬೇಡವೇ? ನನಗೆ ವಿಗ್ಮೋರ್ ಅವರ ಪರವಾಗಿ ಸಿಟ್ಟೇ ಬಂತು. ಲಾರ್ಡ್ ಅಳುವುದು, ನ್ಯಾಯಾಧೀಶ ಗುಡುಗುವುದು, ಲಾರ್ಡ್ ಸಾರೋಟಿನಿಂದ ಇಳಿದು ಮನೆಯೊಳಗೆ ಬರುವುದು, ಜನರಲ್ ಬೀಳುವುದು, ಎಲ್ಲವನ್ನೂ ಕತ್ತರಿಸಿ ಜೋಡಿಸಿ, ವೀಣೆ ಹಾಕಿ, ಪಾಟೀಲರಿಗೆ ಕಳಿಸಿದೆ.

"ಭಾರಿ ಐತ್ರಿ! ಆ ಕುದರಿ ಮ್ಯಾಲಿಂದ ಬೀಳೋದು ನೋಡಿ ನಮ್ಮಾಕಿ ಕಣ್ಣೀರ ಹಾಕಿದ್ಲು," ಎಂದರು ಪಾಟೀಲರು.

ಅಂದು ಹೊಟ್ಟೆ ತುಂಬ ಊಟ ಮಾಡಿದೆ.

ನವೆಂಬರಿನ ಆ ಭಾನುವಾರ ಬಾಡಿಗೆಗೆ ಹಿಡಿದ ಹೈಸ್ಕೂಲ್ ಆಡಿಟೋರಿಯಂ ತುಂಬಿತ್ತು. ಹೊರಗೆ ಕಾರ್ ಪಾರ್ಕ್ ಮಾಡಲು ಜಾಗವಿಲ್ಲ, ಒಳಗೆ ರೇಷ್ಮೆ ಸೀರೆ, ಲಾಬಿಯಲ್ಲಿ ದೊಡ್ಡ ಕಾಫಿ ಪಾತ್ರೆ. ವಿಗ್ಮೋರ್ ಅವರು ಕಪ್ಪು ಸೂಟಿನಲ್ಲಿ, ಕ್ಲೇರ್ ಕೈ ಹಿಡಿದು ಬಂದರು. ಐವತ್ತರ ಆಸುಪಾಸಿನ ಗಂಭೀರ ಹೆಂಗಸು, ಲಾಯರಂತೆ.

"ನೀವೇ ಅಲ್ಲವೇ ಅಪ್ಪನ ಚಿತ್ರಗಳನ್ನೆಲ್ಲ ನೋಡಿದವರು?" ಎಂದು ನನ್ನ ಕೈ ಕುಲುಕಿದಳು. "ಮೂರು ವಾರದಿಂದ ಫೋನ್ ಮಾಡಿದರೆ ಇದೇ ಮಾತು. ನಾನು ನೋಡಿಲ್ಲವಲ್ಲ ಎಂದು ನನಗೆ ನಾಚಿಕೆಯಾಗುತ್ತಿದೆ."

"ಇವತ್ತು ನೋಡ್ತೀರಿ, ಮ್ಯಾಡಮ್," ಎಂದೆ ಧೀರನಾಗಿ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಸುಧಾ ಮೈಸೂರು ಪೇಟದ ಅಳತೆ ನೋಡಲು ಅದನ್ನು ವಿಗ್ಮೋರ್ ಅವರ ತಲೆಗೆ ಇಟ್ಟಳು. ಪೇಟ ಕೆಳಗಿಳಿಯಲಿಲ್ಲ. ಸುಧಾ ಒಂದು ನಿಮಿಷ ಅವರನ್ನೇ ನೋಡಿದಳು. ಆಮೇಲೆ ನನ್ನ ತೋಳು ಹಿಡಿದು ಪಕ್ಕಕ್ಕೆಳೆದಳು.

"ರೀ, ಇವರ ಕಿವಿ ನೋಡಿದ್ರಾ?"

"ಕಿವಿಗೇನಾಯ್ತೇ?"

"ವಿಡಿಯೋದಲ್ಲಿರೋ ಲಾರ್ಡ್ ಕಿವಿ ತಲೆಗೆ ಅಂಟಿಕೊಂಡಿತ್ತು. ಇವರ ಕಿವಿ ಪೇಟಾನೇ ಎತ್ತಿ ಹಿಡಿದಿದೆ."

"ವಯಸ್ಸಾದ ಮೇಲೆ ಕಿವಿ ಬೆಳೆಯುತ್ತೆ ಕಣೇ. ಸೈನ್ಸು ಅದು."

"ಬೆಳೆಯುತ್ತೆ. ದಿಕ್ಕೂ ಬದಲಾಯಿಸುತ್ತಾ?"

ಫೋನ್ ತೆಗೆದು ಆ ಮೊದಲನೆಯ ಚಿತ್ರದ ಕೊನೆಗೆ ಹೋದೆ. ಹೆಸರುಗಳು ಮೇಲೇರತೊಡಗಿದವು. ಲಾರ್ಡ್ ಪಾತ್ರದಲ್ಲಿ ಹ್ಯೂಗೋ ಲಾಂಗ್‌ಡೇಲ್. ಹೆಸರುಗಳು ಏರುತ್ತಲೇ ಹೋದವು. ಅಡುಗೆಯವಳು, ಮಾಲಿ, ಪಾದ್ರಿ ಎಲ್ಲ ಮುಗಿದು, ಕುದುರೆ ಒದಗಿಸಿದವರಿಗೆ ಕೃತಜ್ಞತೆ ಹೇಳುವುದಕ್ಕೆ ಒಂದೇ ಸಾಲು ಮೊದಲು ಬಂತು: ಬಟ್ಲರ್, ಡೆಸ್ಮಂಡ್ ವಿಗ್ಮೋರ್.

ಇನ್ನೆರಡು ಚಿತ್ರಗಳನ್ನು ತೆಗೆದು ನೋಡಿದೆ. ಅಲ್ಲೂ ಹಾಗೇ. ಲಾಂಗ್‌ಡೇಲ್ ನ್ಯಾಯಾಧೀಶನಾದಲ್ಲಿ ನಮ್ಮವರು ಎರಡನೆಯ ವಕೀಲ. ಲಾಂಗ್‌ಡೇಲ್ ಕುದುರೆಯಿಂದ ಬಿದ್ದಲ್ಲಿ, ಮೊದಲೇ ಬಿದ್ದಿದ್ದ ಶವ ನಮ್ಮವರು! ಇಂಟರ್ನೆಟ್ಟಿನ ಪುಣ್ಯಾತ್ಮರು ಬರೆದದ್ದೆಲ್ಲ ಸರಿಯಾಗಿಯೇ ಇತ್ತು.

ಅಮೆರಿಕನ್ನರಿಗೆ ನಾವೆಲ್ಲ ಒಂದೇ ಥರ ಕಾಣುತ್ತೇವೆ ಎಂದು ವರ್ಷಗಟ್ಟಲೆ ದೂರಿದವನು ನಾನು. ಆ ದೂರನ್ನು ಅಂದೇ ವಾಪಸ್ ಪಡೆದೆ. ಆದರೆ ವಿಡಿಯೋ ವಾಪಸ್ ಪಡೆಯುವುದು ಹೇಗೆ? ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದಾಳೆ. ಜೀವನದಲ್ಲಿ ಮೊದಲ ಸಲ ಅಪ್ಪನ ಕೆಲಸ ನೋಡಲು ಬಂದವಳಿಗೆ ಇನ್ನೊಬ್ಬನನ್ನು ತೋರಿಸಿ ಇವನೇ ನಿಮ್ಮಪ್ಪ ಎಂದು ವೀಣೆ ಬಾರಿಸಲಿದ್ದೇನೆ! ನಗುವ ವಿಷಯವಲ್ಲ, ನಿಜವಾಗಿ ಅಳು ಬಂತು.

ಸಭಾಂಗಣದ ಒಂದು ಬದಿಯ ಮೇಜಿನಲ್ಲಿ ಪಾಟೀಲರೇ ಲ್ಯಾಪ್‌ಟಾಪ್ ಹಿಡಿದು ಕೂತಿದ್ದರು. ಓಡಿದೆ.

"ಪಾಟೀಲ್ರೆ, ಎ.ವಿ. ಬೇಡ. ಟೈಮ್ ಆಗೋಗಿದೆ."

"ಯಾಕ್ರಿ? ಟೈಮ್ ಆಗಿದ್ರ ನಿಮ್ಮ ಭಾಷಣ ಕಟ್ ಮಾಡೂಣು. ಎ.ವಿ. ಇಲ್ದ ಚೀಫ್ ಗೆಸ್ಟ್ ಏನ್ ಚಂದ್ರಿ?"

"ಅದ್ರಲ್ಲಿ ಒಂದು ಸಣ್ಣ ಮಿಸ್ಟೇಕ್ ಇದೆ."

"ಏನ್ ಮಿಸ್ಟೇಕ್?"

ಮನುಷ್ಯನೇ ಬೇರೆ ಎಂದು ಹೇಗೆ ಹೇಳಲಿ? "ಫಾಂಟ್ ಸರಿ ಇಲ್ಲ," ಎಂದೆ.

"ಫಾಂಟ್ ಯಾರ್ ನೋಡ್ತಾರ್ರಿ! ಯಾಕ ಹಿಂಗ ಬೆವರಾಕತ್ತೀರಿ? ನೀರ್ ಕುಡೀರಿ."

ಉಳಿದದ್ದು ಒಂದೇ ದಾರಿ. ಪೆನ್ನು ಬಿದ್ದವನ ಹಾಗೆ ಮೇಜಿನ ಕೆಳಗೆ ನುಸುಳಿದೆ. ಅಲ್ಲಿ ಕಪ್ಪು ವೈರುಗಳ ರಾಶಿಯೇ ಇತ್ತು. ಪ್ರೊಜೆಕ್ಟರಿನದೆಂದು ತೋರಿದ ದಪ್ಪ ವೈರನ್ನು ಹಿಡಿದು, ದೇವರನ್ನು ನೆನೆದು, ಎಳೆದೆ. ಪರದೆಯ ಮೇಲೆ ಭುವನೇಶ್ವರಿಯ ಚಿತ್ರ ಹಾಗೇ ಇತ್ತು. ಲಾಬಿಯಿಂದ ಮಾತ್ರ ಒಂದು ಕೂಗು ಕೇಳಿಸಿತು.

"ಅಯ್ಯಯ್ಯೋ, ಕಾಫಿ ಆಫ್ ಆಯ್ತು!"

ಕನ್ನಡಿಗರ ಸಭೆಯಲ್ಲಿ ಮಾಡಬಾರದ ಕೆಲಸ ಅದೊಂದೇ. ನಾಲ್ಕೂ ಕಡೆಯಿಂದ ಜನ ವೈರನ್ನು ಹಿಂಬಾಲಿಸಿಕೊಂಡು ಬಂದರು. ಅದರ ತುದಿಯಲ್ಲಿ ಜುಬ್ಬಾ ತೊಟ್ಟ ಸಾಂಸ್ಕೃತಿಕ ಕಾರ್ಯದರ್ಶಿ ಸಿಕ್ಕಿದ! ನಾನು ಏನಾದರೂ ಹೇಳುವ ಮೊದಲೇ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಮೊಣಕಾಲಿನ ಧೂಳು ಒರೆಸಿಕೊಂಡು ವೇದಿಕೆ ಹತ್ತಿದೆ.

ಹತ್ತುವಾಗಲೇ ಒಂದು ಉಪಾಯ ಹೊಳೆಯಿತು. ವಿಡಿಯೋಗೆ ಸಮಯವೇ ಉಳಿಯದ ಹಾಗೆ ಮಾತಾಡಿದರೆ? ನಮ್ಮ ಕೂಟದಲ್ಲಿ ಅದೇನು ಅಪರೂಪವೇ! "ಇಂದಿನ ಮುಖ್ಯ ಅತಿಥಿಗಳಿಗೆ ಪರಿಚಯದ ಅಗತ್ಯವೇ ಇಲ್ಲ," ಎಂದು ಆರಂಭಿಸಿ ಕದಂಬರಿಗೆ ಹೋದೆ. ಕದಂಬರಿಂದ ಚಾಲುಕ್ಯರಿಗೆ, ಅಲ್ಲಿಂದ ವಿಜಯನಗರಕ್ಕೆ ಬಂದೆ. ನಾಟ್ಯಕಲೆಗೆ ಅರಸರು ಕೊಟ್ಟ ಆಶ್ರಯವನ್ನು ವರ್ಣಿಸಿದೆ. ಜನ ಆಕಳಿಸಿದರು. ಮಕ್ಕಳು ಓಡಾಡತೊಡಗಿದರು. ವಿಗ್ಮೋರ್ ಅವರು ಒಂದಕ್ಷರ ಅರ್ಥವಾಗದಿದ್ದರೂ ನನ್ನತ್ತ ನೋಡಿ ಮುಗುಳ್ನಗುತ್ತಿದ್ದರು. ಅದೆಲ್ಲ ತಮ್ಮ ಬಗ್ಗೆಯೇ ಎಂದು ಅವರು ನಂಬಿದ್ದರು. ಮೈಸೂರು ಒಡೆಯರ ಹೊಸ್ತಿಲಿಗೆ ನಾನು ಕಾಲಿಡುವಷ್ಟರಲ್ಲಿ ಪಾಟೀಲರಿಗೆ ಸಾಕಾಯಿತು. ದೀಪ ಆರಿತು. ವೀಣೆ ಶುರುವಾಯಿತು.

ಕತ್ತಲಲ್ಲಿ ವೇದಿಕೆಯ ಮೂಲೆಗೆ ಸರಿದು ನಿಂತೆ. ಪರದೆಯ ಮೇಲೆ ಹ್ಯೂಗೋ ಲಾಂಗ್‌ಡೇಲ್ ಅಗ್ಗಿಷ್ಟಿಕೆಯ ಮುಂದೆ ಅತ್ತ. ಜನ ಚಪ್ಪಾಳೆ ತಟ್ಟಿದರು. ಅವನು ನ್ಯಾಯಪೀಠದಲ್ಲಿ ಗುಡುಗಿದ. ಇನ್ನೂ ಜೋರು ಚಪ್ಪಾಳೆ. ನನ್ನ ಕಣ್ಣು ಮುಂದಿನ ಸಾಲಿನ ಮೇಲೇ ಇತ್ತು. ಕ್ಲೇರ್ ಪರದೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು, ಮತ್ತೆ ಪರದೆಯನ್ನು ನೋಡಿದಳು. ವಿಗ್ಮೋರ್ ಅವರು ನೆಟ್ಟಗೆ ಕೂತಿದ್ದರು. ತುಟಿಯ ಮೇಲಿನ ನಗು ಹಾಗೇ ಇತ್ತು, ಆದರೆ ಕೈಗಳು ಮೊಣಕಾಲನ್ನು ಹಿಡಿದುಕೊಂಡಿದ್ದವು. ನನಗೆ ಅಲ್ಲಿಂದ ಹಿಂಬಾಗಿಲಿನಲ್ಲಿ ಓಡಿ, ಕಾರು ಹತ್ತಿ, ಯಾವುದಾದರೂ ಬೇರೆ ಸ್ಟೇಟಿಗೆ ಹೋಗಿಬಿಡೋಣ ಎನ್ನಿಸಿತು.

ಆಗ ಸಾರೋಟು ಬಂತು. ಲಾರ್ಡ್ ಗತ್ತಿನಿಂದ ಇಳಿದ. ಮಳೆ ಸುರಿಯುತ್ತಿತ್ತು. ಬಂಗಲೆಯ ಬಾಗಿಲು ತೆರೆಯಿತು. ತೆರೆದವನು ಒಬ್ಬ ಎಳೆಯ ಬಟ್ಲರ್. ಎರಡೂ ಕಿವಿಗಳು ಟೋಪಿಯಿಲ್ಲದೆ ಸ್ವತಂತ್ರವಾಗಿ ನಿಂತಿದ್ದವು. ಲಾರ್ಡ್ ಒದ್ದೆ ಕೋಟನ್ನು ನೋಡದೆಯೇ ಅವನ ತಲೆಯ ಮೇಲೆ ಎಸೆದು ಒಳಗೆ ನಡೆದ. ಬಟ್ಲರ್ ನಿಧಾನವಾಗಿ ಕೋಟನ್ನು ಮುಖದಿಂದ ಸರಿಸಿದ, ನೀರು ಸುರಿಯುತ್ತಿದ್ದ ಅದನ್ನು ನೋಡಿದ, ಲಾರ್ಡ್ ಹೋದ ದಾರಿಯನ್ನು ನೋಡಿದ, ಮತ್ತೆ ಕೋಟನ್ನು ನೋಡಿದ. ಅಷ್ಟೇ. ಆದರೆ ಆ ನೋಟದಲ್ಲಿ ಒಂದು ಜನ್ಮದ ಚಾಕರಿಯೆಲ್ಲ ಇತ್ತು. ಲಾರ್ಡಿನ ನಡಿಗೆಗಾಗಿ ಈ ತುಣುಕು ಹಾಕಿದ ನಾನು ಅದನ್ನು ನೋಡಿಯೇ ಇರಲಿಲ್ಲ.

"ಡ್ಯಾಡ್!" ಕ್ಲೇರ್ ಎದ್ದು ನಿಂತಿದ್ದಳು. "ಅದು ನಮ್ಮಪ್ಪ! ಆ ಬಾಗಿಲಲ್ಲಿದ್ದವರು ನಮ್ಮಪ್ಪ!"

ಹಾಗಾದರೆ ಇಷ್ಟು ಹೊತ್ತು ಅತ್ತವನು ಯಾರು ಎಂಬ ಪ್ರಶ್ನೆ ಎಲ್ಲರ ತಲೆಯಲ್ಲಿ ಏಳತೊಡಗಿತು. ಏಳುವುದರೊಳಗೆ ಎರಡನೆಯ ಸಾಲಿನಿಂದ ಒಂದು ದೊಡ್ಡ ನಗು ಹೊರಟಿತು. ಪಾಟೀಲರ ತಂದೆ. ಮಗನ ಮನೆಗೆ ಆರು ತಿಂಗಳಿಗೆಂದು ಗದಗದಿಂದ ಬಂದವರು, ತಲೆಗೆ ಉಲ್ಲನ್ ಟೋಪಿ, ಇಂಗ್ಲಿಷಿನ ಗಂಧವಿಲ್ಲ. ಆದರೆ ಹರೆಯದಲ್ಲಿ ಒಂದು ಕಂಪನಿ ನಾಟಕ ಬಿಟ್ಟವರಲ್ಲ.

"ಒನ್ಸ್ ಮೋರ್!" ಎಂದು ಅವರು ಕೋಲು ಕುಟ್ಟಿದರು. "ಏ ತಮ್ಮಾ, ಆ ಬಾಗಲಾ ತಗದಂವನ್ನ ಇನ್ನೊಮ್ಮಿ ತೋರಿಸು! ಖರೇ ಪಾರ್ಟ್ ಅಂದ್ರ ಅಂವಂದು! ಉಳದಂವಾ ಬರೇ ಒದರ್ತಾನ!"

ಅಪ್ಪನ ಮಾತು ಮೀರುವ ಧೈರ್ಯ ಪಾಟೀಲರಿಗಿರಲಿಲ್ಲ. ವಿಡಿಯೋ ಹಿಂದಕ್ಕೆ ಹೋಯಿತು. ಬಾಗಿಲು ಮತ್ತೆ ತೆರೆಯಿತು, ಕೋಟು ಮತ್ತೆ ಬಿತ್ತು. ಈ ಸಲ ಇಡೀ ಹಾಲ್ ಕೋಟನ್ನಲ್ಲ, ಆ ಮುಖವನ್ನು ನೋಡಿತು, ನೋಡಿ ನಕ್ಕಿತು. "ಒನ್ಸ್ ಮೋರ್!" ಎಂದು ನಮ್ಮ ಕಾಲದವರೆಲ್ಲ ಕೂಗಿದರು. ಏಕೆಂದು ತಿಳಿಯದಿದ್ದರೂ ಇಲ್ಲೇ ಹುಟ್ಟಿದ ಮಕ್ಕಳೂ ಕಾಲು ಬಡಿದು "ಒನ್ಸ್ ಮೋರ್!" ಎಂದರು. ಬಾಗಿಲು ಮತ್ತೆ ತೆರೆಯಿತು. ಕ್ಲೇರ್ ನಗುತ್ತಿದ್ದಳು, ಕೆನ್ನೆಯೆಲ್ಲ ಒದ್ದೆಯಾಗಿತ್ತು.

ವಿಗ್ಮೋರ್ ಅವರು ಎದ್ದರು. ಅಳತೆಗೆಂದು ಇಟ್ಟಾಗಿನಿಂದ ತೆಗೆಯದಿದ್ದ ಮೈಸೂರು ಪೇಟವನ್ನು ಸರಿಮಾಡಿಕೊಂಡು ವೇದಿಕೆಗೆ ಬಂದು, ನನ್ನನ್ನು ಬೆರಳಿನಿಂದ ಕರೆದರು.

"ನನಗೊಬ್ಬ ಲಾರ್ಡ್ ಬೇಕು. ಬನ್ನಿ," ಎಂದು ಮೇಜಿನ ಮೇಲೆ ಕಾದಿದ್ದ ಸನ್ಮಾನದ ಶಾಲನ್ನು ನನ್ನ ಕೈಗಿಟ್ಟರು.

ಇಲ್ಲದ ಬಾಗಿಲನ್ನು ಅವರು ತೆರೆದರು. ನಾನು ಗತ್ತಿನಿಂದ ನಡೆದು ಬರಬೇಕಾಗಿತ್ತು. ಪಂಚೆ ಕಾಲಿಗೆ ತೊಡರಿ ಮುಗ್ಗರಿಸಿದೆ. ಶಾಲನ್ನು ಎಸೆದೆ, ಅದು ಅವರ ಮೇಲೆ ಬೀಳುವ ಬದಲು ಹೂಕುಂಡದ ಮೇಲೆ ಬಿತ್ತು. ವಿಗ್ಮೋರ್ ಅವರು ಅದನ್ನೆತ್ತಿ, ತಾವೇ ತಮ್ಮ ತಲೆಯ ಮೇಲೆ ಹಾಕಿಕೊಂಡು, ನಿಧಾನವಾಗಿ ಸರಿಸಿ, ಶಾಲನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಶಾಲನ್ನು ನೋಡಿದರು. ಸಭೆ ಉರುಳಾಡಿ ನಕ್ಕಿತು. ಎಂಬತ್ತು ದಾಟಿದ ಆ ಮುಖದಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ನನ್ನ ಅಭಿನಯದ ಬಗ್ಗೆ ಅಭಿಪ್ರಾಯ ಯಾರೂ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಆಗಲಿಲ್ಲ.

ಆಮೇಲೆ ಅವರು ಮೈಕಿನ ಮುಂದೆ ನಿಂತರು.

"ಹ್ಯೂಗೋ ಇದ್ದಿದ್ದರೆ ಈ ಸನ್ಮಾನದಿಂದ ಬಹಳ ಸಂತೋಷಪಡುತ್ತಿದ್ದ," ಎಂದರು. "ಈ ಗೊಂದಲ ಹೊಸದಲ್ಲ. ಒಂದು ಸಲ ನನ್ನ ಹೆತ್ತ ತಾಯಿಯೇ ಸಿನಿಮಾದಲ್ಲಿ ಹ್ಯೂಗೋ ಸತ್ತದ್ದನ್ನು ನೋಡಿ ನಾನೆಂದು ಅತ್ತಿದ್ದಳು. ಅವನಿಗಾಗಿ ಜೀವನವೆಲ್ಲ ಬಾಗಿಲು ತೆರೆದೆ. ಮತ್ತೊಮ್ಮೆ ತೆರೆ ಎಂದು ಯಾರೂ ಕೇಳಿದ್ದಿಲ್ಲ. ನನ್ನ ಮಗಳ ಮುಂದೆ ನೀವು ಕೇಳಿದಿರಿ."

ಅವರು ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು. ನನಗೂ ಕಣ್ಣು ಮಂಜಾಯಿತು.

"ಇದಕ್ಕೆಲ್ಲ ಕಾರಣ ನನ್ನ ಈ ಗೆಳೆಯ," ಎಂದು ನನ್ನ ಭುಜ ಹಿಡಿದರು. "ಹೋದ ಚಳಿಗಾಲದಲ್ಲಿ ನಾನು ನ್ಯುಮೋನಿಯಾ ಬಂದು ಮಲಗಿದ್ದಾಗ, ಹಿಮದಲ್ಲಿ ನಡೆದು ಬಂದು, ವಾಸಿಯಾಗುವವರೆಗೆ ದಿನಾ ಮೆಣಸಿನ ಸೂಪ್ ಕುಡಿಸಿದ ಪುಣ್ಯಾತ್ಮ ಇವನು."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪರಿಚಯವಾದ ಸ್ವಲ್ಪ ದಿನಕ್ಕೇ ಪ್ರಾಜೆಕ್ಟಿನ ಮೇಲೆ ಹೊರಟ ನಾನು ಹೋದ ಚಳಿಗಾಲವೆಲ್ಲ ಬೆಂಗಳೂರಿನಲ್ಲಿದ್ದೆ. ಸಾರು ಒಯ್ದವರು ನಮ್ಮ ಮೇಲ್ಮನೆಯ ವೆಂಕಟೇಶ್. ನನ್ನದೇ ಎತ್ತರ, ನನ್ನದೇ ಕನ್ನಡಕ, ನನ್ನದೇ ಬೋಳುತಲೆ. ನಾಲ್ಕನೆಯ ಸಾಲಿನಲ್ಲಿ ಕೂತು 'ಇದೇನ್ರೀ?' ಎನ್ನುವ ಹಾಗೆ ನನ್ನನ್ನೇ ನೋಡುತ್ತಿದ್ದರು. ಅದು ನಾನಲ್ಲ ಎನ್ನಲು ಬಾಯಿ ತೆರೆದೆ. ಕ್ಲೇರ್ ಕೃತಜ್ಞತೆಯಿಂದ ನನ್ನತ್ತ ಕೈಮುಗಿದಿದ್ದಳು. ಬಾಯಿ ಮುಚ್ಚಿ ನಾನೂ ಕೈಮುಗಿದೆ.

"ಮೆಣಸಿನ ಸಾರು ಯಾವಾಗ ಮಾಡಿದ್ರಿ?" ಎಂದು ಸುಧಾ ಕಾರಿನಲ್ಲಿ ಕೇಳಿದಳು. "ನಂಗೊಂದಿನ ಜ್ವರ ಬಂದಾಗ ನೀರೂ ಕಾಯಿಸಿಕೊಟ್ಟಿಲ್ಲ."

ಆ ಭಾನುವಾರದ ಚಳಿಗೆ ವಿಗ್ಮೋರ್ ಅವರಿಗೆ ನೆಗಡಿಯಾಯಿತು. ಮಂಗಳವಾರವೇ ಫೋನ್ ಬಂತು. ತೊಂದರೆಯಿಲ್ಲದಿದ್ದರೆ ಆ ಸೂಪು ಸ್ವಲ್ಪ ಸಿಗಬಹುದೇ? ವೆಂಕಟೇಶರ ಬಾಗಿಲು ತಟ್ಟುವ ಮುಖ ನನಗಿರಲಿಲ್ಲ. ಸುಧಾ ಒಲೆಯ ಹತ್ತಿರವೂ ಬರಲಿಲ್ಲ. ನಾನೇ ಮೆಣಸು ಕುಟ್ಟಿದೆ, ಜೀರಿಗೆ ಸೀದುಹೋಯಿತು, ಹುಣಸೆಹಣ್ಣು ಹೆಚ್ಚಾಯಿತು, ಅದನ್ನು ಸರಿಮಾಡಲು ಹಾಕಿದ ಬೆಲ್ಲ ಇನ್ನೂ ಹೆಚ್ಚಾಯಿತು. ಫ್ಲಾಸ್ಕಿನಲ್ಲಿ ತುಂಬಿಕೊಂಡು ಹೋಗಿ ಕೊಟ್ಟೆ.

ವಿಗ್ಮೋರ್ ಅವರು ಒಂದು ಚಮಚ ಕುಡಿದರು. ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ಆಮೇಲೆ ನನ್ನನ್ನು ಪೂರ್ತಿ ಒಂದು ನಿಮಿಷ ದಿಟ್ಟಿಸಿ ನೋಡಿ, ಅತ್ಯಂತ ಮರ್ಯಾದೆಯಿಂದ ಹೇಳಿದರು.

"ಪರವಾಗಿಲ್ಲ. ಆದರೆ ಈ ಪಾತ್ರವನ್ನು ಹೋದ ಸಲ ಮಾಡಿದವನು ಇನ್ನೂ ಚೆನ್ನಾಗಿ ಮಾಡಿದ್ದ."